ಖಾಲಿ ಜಾಗದ ಚರಿತ್ರೆ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಆ ಹನ್ನೊಂದು ಕ್ಯಾಸೆಟ್ಟುಗಳ ನೆನಪಿರಬಹುದು. 1947ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ ಭಾಗವಹಿಸಿದ್ದ ನಮ್ಮ ತಾಲ್ಲೂಕಿನ ಹಿರಿಯರನ್ನು, 1980ರ ದಶಕದಲ್ಲಿ ಭಾನುವಾರಗಳಂದು ಅವರವರ ಊರಿಗೇ ಹೋಗಿ ಕಂಡು, ಅವರ ಮಾತುಗಳನ್ನು ನಾನು ಧ್ವನಿಮುದ್ರಿಸಿಕೊಂಡಿದ್ದೆ. ಹೆಗಲಿಗೆ ಟೇಪ್ ರೆಕಾರ್ಡರ್, ಚೀಲದಲ್ಲಿ ನಾಲ್ಕು ಬ್ಯಾಟರಿ ಸೆಲ್ಲು. ಜೊತೆಗೆ ನಿಮ್ಮಲ್ಲಿಯೇ ಒಬ್ಬಿಬ್ಬರು. 2006ರಲ್ಲಿ ಅವನ್ನೆಲ್ಲ ಗಣಕಯಂತ್ರಕ್ಕೆ ಏರಿಸಿದೆವು. ಮುಂದೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಅವು ನಿಷ್ಪ್ರಯೋಜಕವಾದವು. ಅಲ್ಲಿಂದಾಚೆಗೆ ಆ ಹಿರಿಯರ ದನಿಗಳಿಗೆ ನನ್ನ ಮೇಜಿನ ಕೆಳಗಿದ್ದ ಹಾರ್ಡ್ ಡಿಸ್ಕೊಂದೇ ಆಶ್ರಯ.

2018ರ ಜೂನ್ ತಿಂಗಳಲ್ಲಿ ಆ ಡಿಸ್ಕು ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎನ್ನತೊಡಗಿತು. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ಶಿಷ್ಯನೊಬ್ಬನಿಗೆ ಫೋನ್ ಮಾಡಿದೆ. "ಸಾರ್, ತಡ ಮಾಡಬೇಡಿ. ಮೊದಲು ಡಿಸ್ಕ್ ಇಮೇಜ್ ತೆಗೆದಿಟ್ಟುಕೊಳ್ಳೋಣ. ಆಮೇಲೆ ಎಸ್‌ಎಸ್‌ಡಿ ಹಾಕಿ ಅದಕ್ಕೆ ರಿಸ್ಟೋರ್ ಮಾಡೋಣ" ಎಂದ. ಒಂದೇ ವಾಕ್ಯದಲ್ಲಿ ನನಗೆ ಅರ್ಥವಾಗದ ಮೂರು ಪದಗಳು! ಮೂವತ್ತು ವರ್ಷ ಇತಿಹಾಸ ಬೋಧಿಸಿದವನಿಗೆ ಒಂದು ಚಟವಿರುತ್ತದೆ; ಯಾವುದೇ ವಸ್ತು ಹೇಗೆ ಬಂತೆಂದು ತಿಳಿಯದೆ ಅದು ಏನೆಂದು ತಿಳಿಯುವುದಿಲ್ಲ. ಅಂದಿನಿಂದ ಓದಿ, ಕೇಳಿ ತಿಳಿದುಕೊಂಡದ್ದನ್ನೂ ನನಗೆ ಆದ ಒಂದು ನಷ್ಟವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹಾರ್ಡ್ ಡಿಸ್ಕಿನ ಜನಕನೆಂದು ಹೆಸರಾದವನು ಮೂಲತಃ ಒಬ್ಬ ಶಾಲಾ ಮಾಸ್ತರನೆಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ರೆನಾಲ್ಡ್ ಜಾನ್ಸನ್ ಅಮೆರಿಕದ ಮಿಷಿಗನ್ ಪ್ರಾಂತ್ಯದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ. ಉತ್ತರಪತ್ರಿಕೆ ತಿದ್ದುವ ಕೆಲಸದಿಂದ ಪಾರಾಗಲು, ಪೆನ್ಸಿಲಿನ ಗುರುತು ವಿದ್ಯುತ್ತನ್ನು ಹರಿಯಗೊಡುತ್ತದೆಂಬ ತತ್ತ್ವದ ಮೇಲೆ ಅಂಕ ಎಣಿಸುವ ಯಂತ್ರವನ್ನು ರೂಪಿಸಿದ. (ಈ ಆಸೆ ಯಾವ ಮಾಸ್ತರನಿಗಿಲ್ಲ?) ಅದನ್ನು ಕಂಡ ಐಬಿಎಂ ಸಂಸ್ಥೆ 1934ರಲ್ಲಿ ಅವನನ್ನೇ ಕೆಲಸಕ್ಕೆ ಸೇರಿಸಿಕೊಂಡಿತು. 1952ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಆರಂಭವಾದ ಪ್ರಯೋಗಾಲಯಕ್ಕೆ ಅವನು ಮುಖ್ಯಸ್ಥನಾದ. 1956ರಲ್ಲಿ ಅಲ್ಲಿಂದ ಹೊರಬಂದದ್ದೇ ರಾಮ್ಯಾಕ್ ಎಂಬ ಗಣಕ. ಅದರ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ ಐವತ್ತು ತಟ್ಟೆಗಳು. ಎಲ್ಲ ಸೇರಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರ. ನನ್ನ ಒಂದು ಗಂಟೆಯ ಕ್ಯಾಸೆಟ್ಟನ್ನು ಇಂದಿನ ಸಾಧಾರಣ ಧ್ವನಿ ಗುಣಮಟ್ಟದಲ್ಲಿ ಇಡಬೇಕಾದರೂ ಅಂತಹ ಹತ್ತಕ್ಕೂ ಹೆಚ್ಚು ಘಟಕಗಳು ಬೇಕಾಗುತ್ತಿದ್ದವು!

ಡಿಸ್ಕು ಬಂದ ಮೇಲೆ ಅದರ ನಕಲು ತೆಗೆಯುವ ಚಿಂತೆ ಬಂದೇ ಬರುತ್ತದೆ. ನಕಲಿನಲ್ಲಿ ಎರಡು ಬಗೆ. ಬೇಕಾದ ಕಡತಗಳನ್ನು ಒಂದೊಂದಾಗಿ ಪ್ರತಿ ಮಾಡುವುದು ಒಂದು. ಡಿಸ್ಕಿನ ಮೊದಲ ಬಿಂದುವಿನಿಂದ ಕಡೆಯ ಬಿಂದುವಿನವರೆಗೆ ಏನಿದೆಯೋ ಅದನ್ನು ಹಾಗೆಯೇ ಎತ್ತಿಡುವುದು ಇನ್ನೊಂದು. ಎರಡನೆಯದೇ ಇಮೇಜ್, ಅಂದರೆ ಪಡಿಯಚ್ಚು. ತಾಳೆಗರಿ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರಲ್ಲಿ ನಿಷ್ಠರಾದವರು ಗರಿ ಮುರಿದ ಕಡೆ ತಾವೇ ಪದ ಕಟ್ಟಿ ತುಂಬಿಸದೆ ಅಷ್ಟು ಜಾಗವನ್ನು ಖಾಲಿ ಬಿಡುತ್ತಿದ್ದರು. ಸಂಪಾದಕರು ಅದನ್ನು ಗ್ರಂಥಪಾತವೆನ್ನುತ್ತಾರೆ. ಪಡಿಯಚ್ಚೂ ಹಾಗೆಯೇ. ಅದು ಬರಹವನ್ನಷ್ಟೇ ಅಲ್ಲ, ಖಾಲಿ ಜಾಗವನ್ನೂ ಅದರ ಅಳತೆಯನ್ನೂ ನಕಲು ಮಾಡುತ್ತದೆ. 1970ರ ದಶಕದ ಯುನಿಕ್ಸ್ ಗಣಕಗಳಲ್ಲಿದ್ದ 'ಡಿಡಿ' ಎಂಬ ಆಜ್ಞೆ ಇಂತಹ ಮೂಕ ಲಿಪಿಕಾರ. ಅದು ಇಂದಿಗೂ ಲಿನಕ್ಸ್‌ನಲ್ಲಿ ಬಳಕೆಯಲ್ಲಿದೆ.

ಜನಸಾಮಾನ್ಯರ ಗಣಕಗಳಿಗೆ ಈ ವಿದ್ಯೆಯನ್ನು ತಂದವನು ನ್ಯೂಜಿಲೆಂಡಿನ ಆಕ್ಲೆಂಡಿನ ಮರ್ರೆ ಹ್ಯಾಜರ್ಡ್. 1990ರ ದಶಕದ ನಡುವಿನಲ್ಲಿ ಅವನು ಬರೆದ ತಂತ್ರಾಂಶದ ಹೆಸರು 'ಘೋಸ್ಟ್'. 1998ರಲ್ಲಿ ಸಿಮ್ಯಾಂಟೆಕ್ ಸಂಸ್ಥೆ ಅದನ್ನು ಕೊಂಡಿತು. ನಾರ್ಟನ್ ಘೋಸ್ಟ್ ಎಂದು ಜಗತ್ತಿನಾದ್ಯಂತ ಮಾರಿ, 2013ರಲ್ಲಿ ನಿಲ್ಲಿಸಿತು. ನಮ್ಮ ಶಾಲೆಗೆ ಗಣಕಯಂತ್ರಗಳು ಬಂದ ಹೊಸತರಲ್ಲಿ ಅವನ್ನು ಜೋಡಿಸಲು ಬಂದ ಹುಡುಗ, "ಒಂದನ್ನ ಸರಿಮಾಡಿ ಉಳಿದದ್ದಕ್ಕೆಲ್ಲ ಘೋಸ್ಟ್ ಹೊಡೆದುಬಿಡ್ತೀನಿ ಸಾರ್" ಎಂದಾಗ, ಪಕ್ಕದಲ್ಲಿದ್ದ ನಮ್ಮ ಸಂಸ್ಕೃತ ಪಂಡಿತರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಸಂಜೆಯೊಳಗೆ ಎಲ್ಲ ಗಣಕಗಳೂ ಒಂದೇ ತಾಯಿಯ ಮಕ್ಕಳಂತೆ ಎದ್ದು ಕುಳಿತವು. ಒಂದರ ಗೋಡೆಚಿತ್ರದಲ್ಲಿದ್ದ ಹೂವು ಎಲ್ಲದರಲ್ಲೂ ಅರಳಿತ್ತು.

ಇನ್ನು ಪಾರ್ಟಿಷನ್ನಿನ ವಿಷಯ. ಜಮೀನು ಕಂಡವರಿಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. ಡಿಸ್ಕು ಒಂದು ಸರ್ವೆ ನಂಬರ್ ಆದರೆ ಪಾರ್ಟಿಷನ್ ಅದರ ಹಿಸ್ಸೆ. ಯಾವ ಹಿಸ್ಸೆ ಎಲ್ಲಿಂದ ಆರಂಭ, ಎಷ್ಟು ವಿಸ್ತೀರ್ಣ ಎಂಬುದನ್ನು ಬರೆದಿಡುವ ಪಹಣಿಯೊಂದು ಡಿಸ್ಕಿನ ಮೊದಲಲ್ಲೇ ಇರುತ್ತದೆ. 1983ರಲ್ಲಿ ಐಬಿಎಂ ತನ್ನ ಎಕ್ಸ್‌ಟಿ ಗಣಕವನ್ನು ಹತ್ತು ಮೆಗಾಬೈಟಿನ ಡಿಸ್ಕಿನೊಂದಿಗೆ ಹೊರತಂದಾಗ ಈ ಪಹಣಿಗೆ ದೊರೆತ ಜಾಗ ಕೇವಲ 512 ಬೈಟುಗಳ ಒಂದು ಪುಟ. ಅದರಲ್ಲಿಯೂ ಹಿಸ್ಸೆಗಳಿಗೆ ನಾಲ್ಕೇ ಸಾಲು. ಆ ನಾಲ್ಕು ಸಾಲುಗಳಲ್ಲಿ ಎರಡು ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಅಳೆದು ಬರೆಯಲು ಬಾರದೆಂಬುದು ಇಪ್ಪತ್ತು ವರ್ಷ ಯಾರಿಗೂ ತೊಂದರೆ ಕೊಡಲಿಲ್ಲ. ಅನಂತರ ಬಂದ ಜಿಪಿಟಿ ಎಂಬ ಹೊಸ ಪಹಣಿಯಲ್ಲಿ ಸಾಮಾನ್ಯವಾಗಿ 128 ಸಾಲುಗಳು, ಮತ್ತು ಡಿಸ್ಕಿನ ಕಟ್ಟಕಡೆಯಲ್ಲಿ ಅದರದೇ ಇನ್ನೊಂದು ಪ್ರತಿ. ತಾಲ್ಲೂಕು ಕಚೇರಿಗೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ದಾಖಲೆ ಉಳಿಯಲೆಂಬ ಜಾಣತನ.

ಯಾವ ಹಿಸ್ಸೆಗೂ ಸೇರದೆ ಉಳಿದ ಭೂಮಿಯೇ ಅನ್‌ಅಲೊಕೇಟೆಡ್, ನಮ್ಮ ಭಾಷೆಯಲ್ಲಿ ಬೀಳು. ಪರದೆಯ ಮೇಲೆ ಅದನ್ನು ಕಪ್ಪು ಪಟ್ಟಿಯಾಗಿ ತೋರಿಸುತ್ತಾರೆ. ಅದರ ಬಗೆಗೇ ನನ್ನ ಕತೆಯ ಮುಂದಿನ ಭಾಗ.

ನನ್ನ ಹಳೆಯ ಡಿಸ್ಕು 320 ಗಿಗಾಬೈಟಿನದು. ಕೊಂಡು ತಂದ ಎಸ್‌ಎಸ್‌ಡಿ 240. ಒಳಗಿದ್ದ ಬರಹ, ಚಿತ್ರ, ದನಿ ಎಲ್ಲ ಸೇರಿ ತೊಂಬತ್ತೂ ಇರಲಿಲ್ಲ. ಆದರೂ ತೆಗೆದ ಪಡಿಯಚ್ಚನ್ನು ಹೊಸದಕ್ಕೆ ಇಳಿಸಹೋದರೆ ತಂತ್ರಾಂಶ ಜಾಗ ಸಾಲದೆಂದು ಹಟ ಹಿಡಿಯಿತು. ತೊಂಬತ್ತು ಪಲ್ಲ ರಾಗಿಗೆ ಇನ್ನೂರ ನಲವತ್ತು ಪಲ್ಲದ ಕಣಜ ಸಾಲದೆ? ಶಿಷ್ಯ ನಕ್ಕು ಹೇಳಿದ: "ಸಾರ್, ಅದು ರಾಗಿ ನೋಡ್ತಿಲ್ಲ, ಹಳೇ ಕಣಜದ ಗೋಡೆ ನೋಡ್ತಿದೆ." ಪಹಣಿಯಲ್ಲಿ ಬರೆದಿರುವ ವಿಸ್ತೀರ್ಣವನ್ನೇ ಅಕ್ಷರಶಃ ಬೇಡುವ ತಂತ್ರಾಂಶ ಅದು. ಕೊನೆಗೆ, ಟಿಕ್ ಟಿಕ್ ಎನ್ನುತ್ತಿದ್ದ ಹಳೆಯ ಡಿಸ್ಕಿನಲ್ಲಿಯೇ ಹಿಸ್ಸೆಯನ್ನು 150ಕ್ಕೆ ಕುಗ್ಗಿಸಿ, ಬಳಕೆಯಲ್ಲಿರುವ ಭಾಗವನ್ನು ಮಾತ್ರ ಎತ್ತುವ ಬೇರೊಂದು ತಂತ್ರಾಂಶದಿಂದ ಮತ್ತೊಮ್ಮೆ ಪಡಿಯಚ್ಚು ತೆಗೆದೆವು. ಸಾಯುತ್ತಿರುವ ರೋಗಿಯನ್ನು ಎಬ್ಬಿಸಿ ಉಯಿಲಿಗೆ ಸಹಿ ಹಾಕಿಸಿದಂತಿತ್ತು ಆ ರಾತ್ರಿ. ಮೊದಲ ಪಡಿಯಚ್ಚು ಕೈಯಲ್ಲಿ ಇದ್ದುದರಿಂದಷ್ಟೇ ಆ ಧೈರ್ಯ ಬಂದದ್ದು.

ಇಲ್ಲಿ ಒಂದು ಹಳೆಯ ನೋವನ್ನೂ ಹೇಳಿಬಿಡುತ್ತೇನೆ. 2013ರಲ್ಲಿ ಪೇಟೆಯ ಅಂಗಡಿಯೊಂದರವರು ಇದೇ ಡಿಸ್ಕಿನ ಬ್ಯಾಕಪ್ ಎಂದು ಡಿವಿಡಿಗಳ ಒಂದು ಕಟ್ಟನ್ನು ಕೊಟ್ಟಿದ್ದರು. ಐದು ವರ್ಷ ಅದನ್ನು ಬೀರುವಿನಲ್ಲಿ ರೇಷ್ಮೆ ವಸ್ತ್ರದ ಪಕ್ಕದಲ್ಲಿಟ್ಟು ನೆಮ್ಮದಿಯಾಗಿದ್ದೆ. ಈ ಸಲ ತೆರೆದರೆ ಮೂರನೆಯ ತಟ್ಟೆ ಓದಲಾಗುತ್ತಿಲ್ಲ. ಮೂರನೆಯದಿಲ್ಲದೆ ಉಳಿದವೂ ವ್ಯರ್ಥ. ಪಡಿಯಚ್ಚು ಒಂದೇ ಸರಪಳಿ, ನಡುವಿನ ಕೊಂಡಿ ಕಳಚಿದರೆ ಮುಂದಿನದಕ್ಕೆ ದಾರಿಯಿಲ್ಲ. ಐದು ವರ್ಷಗಳಲ್ಲಿ ಒಂದು ದಿನವಾದರೂ ಅದನ್ನು ಇಳಿಸಿ ನೋಡಬೇಕೆಂದು ನನಗೆ ತೋಚಲಿಲ್ಲ. ತಪ್ಪು ಅಂಗಡಿಯವರದಷ್ಟೇ ಎನ್ನಲಾರೆ.

ಹೊಸ ಡಿಸ್ಕಿಗೆ ಎಲ್ಲ ಇಳಿದ ಮೇಲೆ ಪರದೆಯಲ್ಲಿ ಸುಮಾರು 73 ಗಿಗಾಬೈಟಿನ ಕಪ್ಪು ಪಟ್ಟಿ ಉಳಿಯಿತು. 240ರಲ್ಲಿ 150 ಕಳೆದರೆ 90 ಅಲ್ಲವೆ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಮಾರುವವರ ಗಿಗಾಬೈಟಿಗೆ ನೂರು ಕೋಟಿ ಬೈಟು. ವಿಂಡೋಸ್ ಎಣಿಸುವ ಗಿಗಾಬೈಟಿಗೆ 107,37,41,824. ಸಣ್ಣ ಸೇರು, ದೊಡ್ಡ ಸೇರಿನ ಜಗಳವಷ್ಟೇ. ಅಂಗಡಿಯ 240 ಮನೆಯಲ್ಲಿ 223 ಆಗುತ್ತದೆ. "ಈ ಬೀಳನ್ನೂ ಹಿಸ್ಸೆಗೆ ಸೇರಿಸಿಬಿಡು" ಎಂದೆ. "ಬೇಡ ಸಾರ್, ಸ್ವಲ್ಪ ಹಾಗೇ ಬಿಡೋಣ" ಎಂದ. ಇದರ ಕಾರಣ ತಿಳಿಯಬೇಕಾದರೆ ಜಪಾನಿಗೆ ಹೋಗಬೇಕು.

ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೋಕ 1984ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ವಿದ್ವತ್ಸಭೆಯೊಂದರಲ್ಲಿ ಹೊಸ ಬಗೆಯ ಸ್ಮೃತಿಕೋಶವನ್ನು ಮಂಡಿಸಿದ. ವಿದ್ಯುತ್ ನಿಂತರೂ ಬರೆದದ್ದು ಉಳಿಯುತ್ತದೆ. ಅಳಿಸುವಾಗ ಒಂದಿಡೀ ಭಾಗ ಒಮ್ಮೆಲೇ ಅಳಿಯುತ್ತದೆ. ಕ್ಯಾಮೆರಾದ ಮಿಂಚನ್ನು ನೆನಪಿಸುವ ಆ ಅಳಿಕೆಯಿಂದಾಗಿ ಅವನ ಸಹೋದ್ಯೋಗಿಯೊಬ್ಬ ಅದಕ್ಕೆ 'ಫ್ಲ್ಯಾಶ್' ಎಂಬ ಹೆಸರು ಸೂಚಿಸಿದ. ಇಂದಿನ ಎಸ್‌ಎಸ್‌ಡಿಗಳ ಮೂಲವಾದ ನ್ಯಾಂಡ್ ಬಗೆಯನ್ನು ಮಸುವೋಕನ ತಂಡ 1987ರಲ್ಲಿ ಪ್ರಕಟಿಸಿತು. ತನ್ನ ಪಾಲಿನ ಪ್ರತಿಫಲಕ್ಕಾಗಿ ಅವನು ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾಯಿತು, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಇತ್ತ ಅಮೆರಿಕದಲ್ಲಿ 1988ರಲ್ಲಿ ಮೂವರು ಸೇರಿ ಸ್ಥಾಪಿಸಿದ ಸನ್‌ಡಿಸ್ಕ್ ಎಂಬ ಸಂಸ್ಥೆ 1991ರಲ್ಲಿ ಐಬಿಎಂಗಾಗಿ 20 ಮೆಗಾಬೈಟಿನ ಫ್ಲ್ಯಾಶ್ ಡಿಸ್ಕನ್ನು ತಯಾರಿಸಿತು. ಮೂವರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹರೋತ್ರಾ. ಮುಂದೆ ಸ್ಯಾನ್‌ಡಿಸ್ಕ್ ಎಂದು ಮನೆಮಾತಾದದ್ದು ಇದೇ ಸಂಸ್ಥೆ.

ಗಣಕದ 'ಫೈಲ್' ಎಂಬುದಕ್ಕೆ ಕನ್ನಡದಲ್ಲಿ 'ಕಡತ' ಎಂದವರು ಯಾರೋ, ಅವರಿಗೆ ನಮಸ್ಕಾರ. ಹಿಂದೆ ಕಡತವೆಂದರೆ ಕಾಗದದ ಕಟ್ಟಲ್ಲ. ಬಟ್ಟೆಗೆ ಇದ್ದಿಲಿನ ಪುಡಿ ಬೆರೆಸಿದ ಹುಣಸೆಬೀಜದ ಅಂಟನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಕರಿಯ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು, ಒರೆಸಿ ಮತ್ತೆ ಬರೆಯುತ್ತಿದ್ದರು. ಫ್ಲ್ಯಾಶ್ ಸ್ಮೃತಿಯೂ ಕಡತವೇ, ಆದರೆ ವಿಚಿತ್ರ ಕಡತ. ನಮ್ಮ ಶಾನುಭೋಗರು ಒಂದು ಸಾಲನ್ನಷ್ಟೇ ಒರೆಸಿ ತಿದ್ದಬಲ್ಲವರಾಗಿದ್ದರು. ಇಲ್ಲಿ ಒಂದು ಸಾಲನ್ನು ತಿದ್ದಬೇಕಾದರೂ ಇಡೀ ಮಡಿಕೆಯನ್ನೇ ಒರೆಸಬೇಕು. ಒರೆಸಿದಷ್ಟೂ ಮಡಿಕೆ ಸವೆಯುತ್ತದೆ. ಸವೆದದ್ದಕ್ಕೆ ಮತ್ತೆ ಅಂಟು ಬಳಿಯುವ ಉಪಾಯವಿಲ್ಲ. ಆದುದರಿಂದ ಡಿಸ್ಕಿನೊಳಗೆ ಕುಳಿತಿರುವ ಕಂಟ್ರೋಲರ್ ಎಂಬ ಶಾನುಭೋಗ ಹಳೆಯ ಸಾಲನ್ನು ಮುಟ್ಟುವುದೇ ಇಲ್ಲ. ತಿದ್ದಿದ ಸಾಲನ್ನು ಬೇರೊಂದು ಖಾಲಿ ಮಡಿಕೆಯಲ್ಲಿ ಬರೆದು, ಹಳೆಯದು ರದ್ದು ಎಂದು ಗುರುತು ಹಾಕಿ, ಪುರುಸೊತ್ತಾದಾಗ ರದ್ದಾದ ಮಡಿಕೆಗಳನ್ನು ಒರೆಸಿಟ್ಟುಕೊಳ್ಳುತ್ತಾನೆ. ಅವನ ಕೈಯಲ್ಲಿ ಖಾಲಿ ಮಡಿಕೆಗಳು ಹೆಚ್ಚಿದ್ದಷ್ಟೂ ಕೆಲಸ ಸಲೀಸು, ಸವೆತ ಕಡಿಮೆ. ಎಲ್ಲ ತುಂಬಿಹೋದರೆ ಒಂದು ಸಾಲಿಗಾಗಿ ಹತ್ತು ಕಡೆ ಎತ್ತಿಡುವ ಪರದಾಟ. ಊರಿಗೆ ಗೋಮಾಳವಿದ್ದಂತೆ ಡಿಸ್ಕಿಗೆ ಬೀಳು.

ಒಂದು ಸೂಕ್ಷ್ಮವಿದೆ. ನಾವು ಒಂದು ಕಡತವನ್ನು ಅಳಿಸಿದಾಗ ನಿಜವಾಗಿ ಅಳಿಯುವುದು ಪಹಣಿಯ ನಮೂದು ಮಾತ್ರ. ಹೊಲದಲ್ಲಿ ಬೆಳೆ ಹಾಗೆಯೇ ನಿಂತಿರುತ್ತದೆ. ಹೊರಗಿನ ಪಹಣಿಯಲ್ಲಿ ಏನಾಯಿತೆಂದು ಒಳಗಿನ ಶಾನುಭೋಗನಿಗೆ ತಿಳಿಯದು. ಯಾರಿಗೂ ಬೇಡವಾದ ಸಾಲುಗಳನ್ನೂ ಅವನು ಜತನದಿಂದ ಮಡಿಕೆಯಿಂದ ಮಡಿಕೆಗೆ ಹೊತ್ತು ತಿರುಗುತ್ತಿದ್ದ. ಈ ಅವಸ್ಥೆ ತಪ್ಪಿಸಲು 'ಟ್ರಿಮ್' ಎಂಬ ಆಜ್ಞೆ ಬಂತು. ಇಂತಿಂಥ ಜಾಗ ಇನ್ನು ನಮಗೆ ಬೇಡ ಎಂದು ಗಣಕವೇ ಡಿಸ್ಕಿಗೆ ತಿಳಿಸುವ ಕ್ರಮ. 2009ರಲ್ಲಿ ವಿಂಡೋಸ್ 7 ಅದನ್ನು ಮನೆಮನೆಗೆ ತಂದಿತು. ಹೀಗಾಗಿ ಟ್ರಿಮ್ ನಡೆಯುತ್ತಿರುವ ಡಿಸ್ಕಿನಲ್ಲಿ ಹಿಸ್ಸೆಯೊಳಗಿನ ಖಾಲಿ ಜಾಗವೂ ಶಾನುಭೋಗನಿಗೆ ಒದಗುತ್ತದೆ. ಪ್ರತ್ಯೇಕ ಬೀಳು ಬಿಡಲೇಬೇಕೆಂದಿಲ್ಲ. ಬಿಟ್ಟರೆ, ನಮ್ಮದೇ ದುರಾಸೆಯಿಂದ ಎಲ್ಲವನ್ನೂ ತುಂಬಿಸದಂತೆ ಹಾಕಿದ ಬೇಲಿ ಅದು. ಇನ್ನೊಂದು ಮಾತು: ಬಳಸಿದ ಡಿಸ್ಕಿನಲ್ಲಿ ಹಿಸ್ಸೆಯನ್ನು ಸುಮ್ಮನೆ ಕಿತ್ತುಹಾಕಿ ಕಪ್ಪು ಪಟ್ಟಿ ಮಾಡಿದ ಮಾತ್ರಕ್ಕೆ ಅದು ಬೀಳಾಗುವುದಿಲ್ಲ. ಹಿಂದೆ ಅಲ್ಲಿ ಬರೆದದ್ದು ಬೇಡವೆಂದು ಟ್ರಿಮ್ ಮೂಲಕ ತಿಳಿಸದಿದ್ದರೆ ಶಾನುಭೋಗ ಅದನ್ನು ಇನ್ನೂ ಸಾಗುವಳಿಯ ಭೂಮಿಯೆಂದೇ ಎಣಿಸುತ್ತಿರುತ್ತಾನೆ.

ಬೀಳನ್ನು ಹಿಸ್ಸೆಗೆ ಸೇರಿಸಿಕೊಳ್ಳುವುದೂ ಯಾವಾಗಲೂ ಸುಲಭವಲ್ಲ. ತಂಗಿಯ ಮಗ ತನ್ನ ಲ್ಯಾಪ್‌ಟಾಪಿನ ಪಡಿಯಚ್ಚನ್ನು ದೊಡ್ಡ ಎಸ್‌ಎಸ್‌ಡಿಗೆ ಇಳಿಸಿದಾಗ ಅರ್ಧ ಡಿಸ್ಕು ಖಾಲಿಯಿದ್ದರೂ ಸಿ ಹಿಸ್ಸೆ ಬೆಳೆಯಲಿಲ್ಲ. ಎರಡರ ನಡುವೆ ವಿಂಡೋಸಿನ ರಿಕವರಿ ಎಂಬ ಸಣ್ಣ ಹಿಸ್ಸೆ, ದಾಯಾದಿಯ ಹೊಲದಂತೆ ಅಡ್ಡ ಕುಳಿತಿತ್ತು. ಅದನ್ನು ಕೊನೆಗೆ ಸರಿಸಿದ ಮೇಲೆಯೇ ಬದು ಒಡೆಯಲು ಸಾಧ್ಯವಾಯಿತು. ಹಾಗೆಯೇ, ವಿಂಡೋಸ್ ಎಕ್ಸ್‌ಪಿ ಕಾಲದ ಪಡಿಯಚ್ಚುಗಳಲ್ಲಿ ಮೊದಲ ಹಿಸ್ಸೆ 63ನೆಯ ಸೆಕ್ಟರಿನಿಂದ ಆರಂಭವಾಗುತ್ತಿತ್ತು. ಅದನ್ನು ಹಾಗೆಯೇ ಎಸ್‌ಎಸ್‌ಡಿಗೆ ಇಳಿಸಿದರೆ ಪ್ರತಿ ಬರಹವೂ ಎರಡು ಪುಟಗಳ ಅಂಚಿನ ಮೇಲೆ ಬಿದ್ದು ದುಪ್ಪಟ್ಟು ಕೆಲಸವಾಗುತ್ತಿತ್ತು. 2007ರ ವಿಸ್ಟಾದಿಂದೀಚೆಗೆ ಒಂದು ಮೆಗಾಬೈಟ್ ದೂರದಿಂದ ಆರಂಭಿಸುವ ಕ್ರಮ ಬಂದು ಆ ಪೀಡೆ ಕಳೆಯಿತು.

ಈಗ ನಷ್ಟದ ಮಾತು.

2018ರ ನವೆಂಬರಿನಲ್ಲಿ, ಚಳವಳಿಯಲ್ಲಿದ್ದವರಲ್ಲಿ ನಮ್ಮ ಕಡೆ ಕೊನೆಯವರಾಗಿ ಉಳಿದಿದ್ದ ಹಿರಿಯರೊಬ್ಬರನ್ನು ಕಂಡು 47 ನಿಮಿಷ ಧ್ವನಿಮುದ್ರಿಸಿಕೊಂಡೆ. ಆಗ ಅವರಿಗೆ ತೊಂಬತ್ತು ದಾಟಿತ್ತು. ಮನೆಗೆ ಬಂದು ಅದನ್ನು ಹೊಸ ಡಿಸ್ಕಿಗೆ ಹಾಕಿ, ರೆಕಾರ್ಡರಿನ ಕಾರ್ಡನ್ನು ಮೊಮ್ಮಗಳ ನಾಟ್ಯ ಕಾರ್ಯಕ್ರಮಕ್ಕೆಂದು ಖಾಲಿ ಮಾಡಿದೆ. ಹೊಸ ಪಡಿಯಚ್ಚು ತೆಗೆಯಲಿಲ್ಲ. ಹೊಸ ಡಿಸ್ಕು, ಟಿಕ್ ಟಿಕ್ ಇಲ್ಲ, ಅವಸರವೇನು? ಫೆಬ್ರವರಿಯಲ್ಲಿ ಕಡತಗಳನ್ನು ಓರಣಗೊಳಿಸುತ್ತ ಒಂದೇ ಹೆಸರಿನ ಎರಡು ಫೋಲ್ಡರುಗಳಲ್ಲಿ ಒಂದನ್ನು ಅಳಿಸಿದೆ, ಕಸದ ಬುಟ್ಟಿಗೂ ಹೋಗದಂತೆ ಅಳಿಸಿದೆ. ಅಳಿಸಬಾರದ್ದು ಅದೇ ಆಗಿತ್ತು. ಹನ್ನೊಂದು ಕ್ಯಾಸೆಟ್ಟುಗಳೂ ನವೆಂಬರಿನ ದನಿಯೂ ಅದರಲ್ಲಿದ್ದವು.

ಆದರೂ ನಾನು ಹೆದರಲಿಲ್ಲ. 2009ರಲ್ಲಿ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇಂತಹುದೇ ತಪ್ಪು ಮಾಡಿದ್ದಾಗ ಇದೇ ಶಿಷ್ಯ ಒಂದು ಸಂಜೆಯಲ್ಲಿ ಎಲ್ಲವನ್ನೂ ಮರಳಿ ತಂದಿದ್ದ. ಬೆಳೆ ಹೊಲದಲ್ಲಿಯೇ ನಿಂತಿತ್ತಲ್ಲ. ಈ ಸಲವೂ ಅವನ ತಂತ್ರಾಂಶ ಕಡತಗಳ ಹೆಸರುಗಳನ್ನೆಲ್ಲ ತೋರಿಸಿತು. ಹೆಸರು ಇದೆ, ತಾರೀಖು ಇದೆ, ಗಾತ್ರವೂ ಸರಿಯಾಗಿದೆ. ತೆರೆದರೆ ಒಳಗೆ ಆದಿಯಿಂದ ಅಂತ್ಯದವರೆಗೆ ಬರೀ ಸೊನ್ನೆ. ನಾನು ಗುಂಡಿ ಒತ್ತಿದ ಮರುಕ್ಷಣವೇ ಟ್ರಿಮ್ ಆಜ್ಞೆ ಹೋಗಿತ್ತು. ಶಾನುಭೋಗ ತನ್ನ ಕೆಲಸ ಮಾಡಿದ್ದ. ಫೋನಿನ ಆ ತುದಿಯಲ್ಲಿ ಅವನು ಬಹಳ ಹೊತ್ತು ಮಾತನಾಡಲಿಲ್ಲ. "ಜೂನ್ ಇಮೇಜ್ ಇದೆಯಲ್ಲ ಸಾರ್" ಎಂದ ಕೊನೆಗೆ.

ಇತ್ತು. ಇಡೀ ಪಡಿಯಚ್ಚನ್ನು ಇಳಿಸುವ ಅಗತ್ಯವೂ ಬೀಳಲಿಲ್ಲ. ಅದನ್ನೊಂದು ಡಿಸ್ಕಿನಂತೆ ತೆರೆದು ಒಳಹೊಕ್ಕು, ಬೇಕಾದ ಫೋಲ್ಡರನ್ನಷ್ಟೇ ಎತ್ತಿಕೊಂಡೆವು. ಹನ್ನೊಂದು ಕ್ಯಾಸೆಟ್ಟುಗಳೂ ಬಂದವು. ಒಂದೊಂದನ್ನೂ ಪೂರ್ತಿ ಕೇಳಿದೆ. ಏಳನೆಯದರಲ್ಲಿ ನಡುವೆ ಕೋಳಿ ಕೂಗುವುದೂ ಹಾಗೆಯೇ ಇದೆ. ನವೆಂಬರಿನದು ಬರಲಿಲ್ಲ. ಜೂನ್ ತಿಂಗಳ ಪಡಿಯಚ್ಚಿಗೆ ನವೆಂಬರ್ ಹೇಗೆ ತಿಳಿದೀತು? ಮತ್ತೊಮ್ಮೆ ಹೋಗಿ ಕೇಳೋಣವೆಂದುಕೊಂಡೆ. ಆ ಯುಗಾದಿಗೆ ಮೊದಲೇ ಅವರು ತೀರಿಕೊಂಡರು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಪಡಿಯಚ್ಚು ತೆಗೆಯುತ್ತೇನೆ; ಒಂದು ನನ್ನಲ್ಲಿ, ಒಂದು ಮಗಳ ಮನೆಯಲ್ಲಿ. ವರ್ಷಕ್ಕೆರಡು ಬಾರಿ ಅದನ್ನು ಬೇರೊಂದು ಹಳೆಯ ಡಿಸ್ಕಿಗೆ ಇಳಿಸಿ, ಅದರಿಂದಲೇ ಗಣಕವನ್ನು ಆರಂಭಿಸಿ ನೋಡುತ್ತೇನೆ. ಕಪ್ಪು ಪಟ್ಟಿಯನ್ನು ಇಪ್ಪತ್ತು ಗಿಗಾಬೈಟಿಗೆ ಇಳಿಸಿ ಹಾಗೆಯೇ ಬಿಟ್ಟಿದ್ದೇನೆ. ಅದರಲ್ಲಿ ತನ್ನ ಆಟ ಹಾಕಿಕೊಡೆಂದು ಮೊಮ್ಮಗಳು ಬಹಳ ಸಲ ಕೇಳಿದ್ದಾಳೆ.

ಅಂದು, 2018ರ ನವೆಂಬರ್ ಮೂರನೆಯ ಭಾನುವಾರ, ನನ್ನೊಡನೆ ಆ ಹಿರಿಯರ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಗಳು ನಾಲ್ವರು. ಜಗಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿದದ್ದು ನಿಮಗೆ ನೆನಪಿದ್ದೀತು. ನಿಮ್ಮಲ್ಲಿ ಒಬ್ಬರು ಮೊಬೈಲನ್ನು ಮೇಲೆತ್ತಿ ಹಿಡಿದಿದ್ದಂತೆ ನನಗೆ ಮಸುಕಾದ ನೆನಪು. ಫೋಟೊ ತೆಗೆಯುತ್ತಿದ್ದಿರೋ, ಮಾತು ಹಿಡಿಯುತ್ತಿದ್ದಿರೋ ತಿಳಿಯದು. ಹಳೆಯ ಫೋನು ಇನ್ನೂ ಮನೆಯ ಮೂಲೆಯಲ್ಲಿದ್ದರೆ ಒಮ್ಮೆ ಹುಡುಕಿ ನೋಡಿ. ಎರಡು ನಿಮಿಷವಾದರೂ ಸರಿ. ಸಿಕ್ಕರೆ ದಯವಿಟ್ಟು ಮೊದಲು ಅದರದೊಂದು ಪ್ರತಿ ಮಾಡಿಕೊಂಡು, ಆಮೇಲೆ ನನಗೆ ಕಳಿಸಿ.